ಅವಧಿ ಮೀರಿದ ಋಣ

2011ರಲ್ಲಿ ನಾನು ಹಿಂದಿರುಗಿಸಿದ್ದ ಕ್ರೆಡಿಟ್ ಕಾರ್ಡಿನ ಬಾಕಿಯೆಂದು 2023ರಲ್ಲಿ ವಸೂಲಿ ಸಂಸ್ಥೆಯೊಂದು ನಲವತ್ತೊಂದು ಸಾವಿರ ರೂಪಾಯಿ ಕೇಳಿತು. ರಾತ್ರಿ ಒಂಬತ್ತಕ್ಕೂ ದೂರವಾಣಿ ಕರೆ. ಬೆಳಗಿನ 8ಕ್ಕೆ ಮೊದಲು, ಸಂಜೆ 7ರ ಅನಂತರ ಸಾಲಗಾರರನ್ನು ಕರೆಯಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ಸೂಚಿಸಿತ್ತು.

ವಕೀಲ ಮಿತ್ರರು ನಕ್ಕರು: "1963ರ ಕಾಲಮಿತಿ ಅಧಿನಿಯಮದಂತೆ ಇಂತಹ ಸಾಲಕ್ಕೆ ಮೂರು ವರ್ಷಗಳ ಅವಧಿ. ಅದು ಎಂದೋ ಮುಗಿಯಿತು. ಕೊಡುತ್ತೇನೆಂದು ಮಾತ್ರ ಬರೆದು ಸಹಿ ಮಾಡಬೇಡಿ. 1872ರ ಕರಾರು ಅಧಿನಿಯಮದ 25ನೆಯ ಕಲಮಿನಂತೆ ಅಂತಹ ವಚನವು ಸತ್ತ ಸಾಲಕ್ಕೆ ಜೀವ ಕೊಡುತ್ತದೆ."

ಧೈರ್ಯ ಬಂದಿತು, ನಿದ್ರೆ ಬರಲಿಲ್ಲ. ಅವಧಿ ಮೀರಿದರೆ ದಾವೆಯ ದಾರಿ ಮುಚ್ಚುವುದೇ ಹೊರತು ಋಣ ಅಳಿಯುವುದಿಲ್ಲವೆಂದೂ ಅವರೇ ಹೇಳಿದ್ದರು. ಸಾಲವನ್ನು ಒಪ್ಪಿಕೊಳ್ಳದೆ, ಲೆಕ್ಕದ ವಿವರವನ್ನಷ್ಟೇ ಬೇಡಿ ಬ್ಯಾಂಕಿಗೆ ಪತ್ರ ಬರೆದೆನು.

ಬಂದ ಪಟ್ಟಿಯಲ್ಲಿ ಬಡ್ಡಿ, ದಂಡ, ಶುಲ್ಕಗಳ ರಾಶಿಯಡಿ ಒಂದು ಸಾಲು ನನ್ನನ್ನು ತಡೆಯಿತು: ಪುಸ್ತಕದಂಗಡಿ, 2,340 ರೂಪಾಯಿ. ಮಗಳ ಪಠ್ಯಪುಸ್ತಕಗಳು. ಅವಳು ಓದಿ ಮುಗಿಸಿದ್ದಳು; ನಾನು ಹಣ ಕಟ್ಟಿರಲಿಲ್ಲ.

ಆ ಮೊತ್ತವನ್ನು ಬ್ಯಾಂಕಿಗೇ ಸಲ್ಲಿಸಿ, ಉಳಿದುದನ್ನು ನಿರಾಕರಿಸಿದೆನು. ಹಲವು ತಿಂಗಳ ಪತ್ರವ್ಯವಹಾರದ ಅನಂತರ ಬಾಕಿಯಿಲ್ಲವೆಂಬ ಪತ್ರ ಕೈಸೇರಿತು. ಮಿತ್ರರು ಇದನ್ನು ಮೌಢ್ಯವೆಂದರು. ಇರಬಹುದು. ಆದರೆ ಕೇಳಿದವರ ಅನ್ಯಾಯವನ್ನು ತೋರಿಸಿ ನನ್ನ ಬಾಕಿಯನ್ನು ಮರೆಯುವುದು ನನ್ನಿಂದಾಗಲಿಲ್ಲ.