ಕೂಡಿಸಿ ಬರೆಯಿರಿ

ಬಿಡಿಬಿಡಿಯಾಗಿ ನಿಂತ ಎರಡು ಇಂಗ್ಲಿಷ್ ವಾಕ್ಯಗಳನ್ನು ತಪ್ಪಿಲ್ಲದೆ ಒಂದಾಗಿಸುವ ಕೆಲಸ ನನಗೆ ಬಹಳ ಇಷ್ಟ. ಸಾಸವಡದ ನಮ್ಮ ಮನೆಗೆ ಸಂಜೆ ಹೊತ್ತು ಅಕ್ಕಪಕ್ಕದ ಮರಾಠಿ ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ವ್ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲಿ ‘ಸಿಂಥೆಸಿಸ್’ ಪಾಠ ಬಂತೆಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮೊನ್ನೆ ಒಬ್ಬ ಹುಡುಗ ‘ಕ್ಲೈಂಬಿಂಗ್ ದಿವೆ ಘಾಟ್, ಮಸ್ತಾನಿ ಲೇಕ್ ವಾಸ್ ಸೀನ್’ ಎಂದು ಬರೆದ. ಘಾಟಿ ಹತ್ತುತ್ತಾ ಕೆರೆ ಕಂಡಿತು ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು; ಹತ್ತಿದವರು ನಾವೆಂದು ಕೇಳುವವರಿಗೆ ಗೊತ್ತು. ಇಂಗ್ಲಿಷ್ ಇಷ್ಟು ಸಲಿಗೆ ಕೊಡುವುದಿಲ್ಲ. ‘ಕ್ಲೈಂಬಿಂಗ್’ ಎಂದು ಶುರು ಮಾಡಿದರೆ ಅಲ್ಪವಿರಾಮದ ಆಚೆ ಹತ್ತಿದವರೇ ನಿಂತಿರಬೇಕು. ಇಲ್ಲಿ ಕೆರೆ ನಿಂತಿದೆ, ಹಾಗಾಗಿ ಕೆರೆಯೇ ಘಾಟಿ ಹತ್ತಿಬಿಡುತ್ತದೆ! ‘ವಿ ಸಾ ಮಸ್ತಾನಿ ಲೇಕ್’ ಎಂದು ತಿದ್ದಿದೊಡನೆ ಎಲ್ಲ ನೆಟ್ಟಗಾಯಿತು.

ಮರಾಠಿ ಮನೆಯ ಮಕ್ಕಳಿಗೆ ಇನ್ನೊಂದು ಎಡವು ಇದೆ. ಅವರ ಮಾತಿನಲ್ಲಿ ‘ಜರೀ’ ಬಂದರೆ ಹಿಂದೆಯೇ ‘ತರೀ’ ಬರುತ್ತದೆ. ಆ ರೂಢಿಯಲ್ಲೇ ‘ಆಲ್ದೋ’ ಬರೆದು, ಮುಂದೆ ‘ಬಟ್’ ಕೂಡ ಸೇರಿಸುತ್ತಾರೆ. ಎರಡರಲ್ಲಿ ಒಂದು ಸಾಕು. ನಮ್ಮ ‘ಬಂದರೂ’, ‘ಹೋದರೂ’ಗಳಲ್ಲಿ ಆ ಕೊನೆಯ ‘ಊ’ ಒಂದೇ ಇಡೀ ವಾಕ್ಯವನ್ನು ಹೊರುತ್ತದಲ್ಲ, ಹಾಗೆ.

ನಿಯಮ ಕೈಗೆ ಬಂದ ಮೇಲೆ ನಿಜವಾದ ಸೊಗಸು ಶುರು. ಪುರಂದರ ಕೋಟೆ ನಮ್ಮೂರಿನ ನೆರೆಯಲ್ಲೇ ಇರುವುದರಿಂದ ಒಂದು ಸಂಜೆ 1665ರ ಒಪ್ಪಂದವನ್ನೇ ಅಭ್ಯಾಸಕ್ಕೆ ಕೊಟ್ಟೆ. ಶಿವಾಜಿ ಮಹಾರಾಜರು 23 ಕೋಟೆಗಳನ್ನು ಮೊಗಲರಿಗೆ ಬಿಟ್ಟುಕೊಟ್ಟರು. 12 ಕೋಟೆಗಳನ್ನು ಉಳಿಸಿಕೊಂಡರು. ಕೂಡಿಸಿ. ‘ಆ್ಯಂಡ್’ ಹಾಕಿದವರದು ಬರೀ ಲೆಕ್ಕವಾಯಿತು. ಒಬ್ಬಳು ‘ಆಲ್ದೋ’ವನ್ನು 23ರ ಮುಂದಿಟ್ಟಳು: ಅಷ್ಟು ಕೊಟ್ಟರೂ ಇಷ್ಟು ಉಳಿಯಿತು. ಇನ್ನೊಬ್ಬ ಅದನ್ನು 12ರ ಮುಂದಿಟ್ಟ: ಇಷ್ಟು ಉಳಿದರೂ ಅಷ್ಟು ಹೋಯಿತು. ಸಂಗತಿ ಎರಡರಲ್ಲೂ ಒಂದೇ, ವ್ಯಾಕರಣ ಎರಡರಲ್ಲೂ ಸರಿ. ಆದರೆ ಒಂದರಲ್ಲಿ ರಾಜ ಎದ್ದು ನಿಲ್ಲುತ್ತಾನೆ, ಇನ್ನೊಂದರಲ್ಲಿ ಸೋತು ಕೂರುತ್ತಾನೆ. ‘ಆಲ್ದೋ’ ಇರುವ ಭಾಗ ಹಿಂದೆ ಸರಿಯುತ್ತದೆ. ಪೂರ್ಣ ವಾಕ್ಯವಾಗಿ ಉಳಿದ ಭಾಗದ ಮೇಲೆ ಭಾರ ಬೀಳುತ್ತದೆ.

“ಕಾಕು, ಯಾವುದು ಬರೆಯಲಿ?” ಎಂದಳು ಹುಡುಗಿ.

“ಮುಂದಿನ ವಾಕ್ಯ ಏನು ಹೇಳಬೇಕೆಂದಿದ್ದೀಯ, ಅದನ್ನು ನೋಡಿಕೋ” ಎಂದೆ.

ಸ್ವಲ್ಪ ಯೋಚಿಸಿ ತನ್ನ ವಾಕ್ಯವನ್ನೇ ಉಳಿಸಿಕೊಂಡಳು. ಅದರ ಕೆಳಗೆ, ನಾನು ಕೇಳದಿದ್ದರೂ, 1670ರಲ್ಲಿ ಮಹಾರಾಜರು ಕೋಟೆಗಳನ್ನು ಮರಳಿ ಗೆಲ್ಲತೊಡಗಿದರೆಂದು ಇನ್ನೊಂದು ವಾಕ್ಯ ಬರೆದಳು. ಎರಡೂ ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿದ್ದವು.