ನಾಲ್ಕು ಸೆಕೆಂಡು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಮೇಲೆ ಒಂದು ಕಪ್ ಬಂದು ಕೂತಿತ್ತು. ಒಂದೇ ಒಂದು ರಾತ್ರಿ. ಅದು ಬಂದ ಕಥೆಯೂ ಹೋದ ಕಥೆಯೂ ನನ್ನದೇ ಆದ್ದರಿಂದ ನಾನೇ ಹೇಳಬೇಕು.

ನಾವಿರುವುದು ಮೈಸೂರಿನ ಹೊರವಲಯದ ಒಂದು ಬಡಾವಣೆಯಲ್ಲಿ. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಪಾರ್ಕ್ ಇನ್ನೂ ಆಗಿಲ್ಲ. ಮಕ್ಕಳ ಪುಣ್ಯ! 2022ರ ವಿಶ್ವಕಪ್ ಆದಮೇಲೆ ಅಲ್ಲಿ ಕ್ರಿಕೆಟ್ ಬ್ಯಾಟುಗಳು ಮೂಲೆ ಸೇರಿದವು. ಎಲ್ಲಿ ನೋಡಿದರೂ ನೀಲಿ-ಬಿಳಿ ಪಟ್ಟೆಯ ಹತ್ತು ನಂಬರಿನ ಜೆರ್ಸಿ. ನಮ್ಮ ಪುಟ್ಟನದೂ ಅದೇ. ಹದಿಮೂರು ವರ್ಷದವನು, ಈಗಲೂ ನಮಗೆ ಪುಟ್ಟನೇ.

ರಜೆಯಲ್ಲಿ ಒಂದು ಪಂದ್ಯಾವಳಿ ಮಾಡೋಣ ಎಂದು ನಾಲ್ಕೈದು ಮನೆಯವರು ಸೇರಿದೆವು. ಹೆಸರು ಕೊಟ್ಟವರು 38 ಮಕ್ಕಳು. ತಂಡ ಕಟ್ಟಲು ಕೂತಾಗಲೇ ಜಗಳ ಶುರುವಾಯಿತು. ಚೆನ್ನಾಗಿ ಆಡುವ ಆರು ಜನ ಒಂದೇ ತಂಡದಲ್ಲಿರಬೇಕಂತೆ, ಗುಂಡಗಿರುವವನು ಗೋಲಿಯಾಗಬೇಕಂತೆ, ಹೆಣ್ಣುಮಕ್ಕಳನ್ನು ಯಾರೂ ಕೇಳುವವರಿಲ್ಲ. ಆಗ ಬೆಂಗಳೂರಿನಿಂದ ಬಂದಿದ್ದ ನಮ್ಮ ಸೋದರಮಾವ ಅಡ್ಡ ಬಂದರು. ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಆಸ್ಟಿನ್ ಟೌನಿನ ಮೈದಾನದಲ್ಲಿ ಬೆಳೆದವರು. "ಪಂದ್ಯ ಯಾಕೋ? ಒಬ್ಬೊಬ್ಬರಿಗೂ ಚೆಂಡು ಕೊಟ್ಟು ಅವರವರ ಕೈಚಳಕ, ಅಲ್ಲ, ಕಾಲುಚಳಕ ನೋಡು. ಬೆಂಚಿನ ಮೇಲೆ ಯಾರೂ ಕೂರೋ ಹಾಗಿರಲ್ಲ" ಎಂದರು. ಎಲ್ಲರಿಗೂ ಹಿಡಿಸಿತು.

ಮೂರು ಸುತ್ತು ಮಾಡಿದೆವು. ಮೊದಲನೆಯದು ಡ್ರಿಬ್ಲಿಂಗ್. ಒಂದೂವರೆ ಮೀಟರಿಗೊಂದರಂತೆ ಎಂಟು ಕೋನ್ ಇಟ್ಟು, ಚೆಂಡನ್ನು ಅವುಗಳ ನಡುವೆ ಹಾವಿನ ಹಾಗೆ ನಡೆಸಿಕೊಂಡು ಹೋಗಿ ಬರಬೇಕು. ಹಿಡಿಯುವುದು ಸಮಯ, ಕೋನ್ ತಾಗಿದರೆ ತಲಾ ಎರಡು ಸೆಕೆಂಡು ಸೇರಿಸುವುದು. ಎರಡನೆಯದು ಜಗ್ಲಿಂಗ್: ಚೆಂಡು ನೆಲಕ್ಕೆ ಬೀಳದಂತೆ ಕಾಲು, ತೊಡೆ, ತಲೆಯಲ್ಲಿ ಎಷ್ಟು ಸಲ ಪುಟಿಸುತ್ತೀರಿ ಎಂಬುದು. ಮೂರನೆಯದು ಐದು ಒದೆತ. ಗೋಲಿಗೆ ಹಗ್ಗ ಕಟ್ಟಿ ಭಾಗ ಮಾಡಿದೆವು. ಮೂಲೆಗೆ ಹೋದರೆ 5 ಅಂಕ, ಪಕ್ಕಕ್ಕೆ 3, ನಟ್ಟನಡುವೆ ಹೋದರೆ 1. ದೊಡ್ಡವರಿಗೆ ನಿಜವಾದ ಪೆನಾಲ್ಟಿಯ 11 ಮೀಟರ್ ದೂರ, ಹನ್ನೆರಡರ ಒಳಗಿನವರಿಗೆ 8. ಚಿಕ್ಕವರಿಗೆ 4ನೇ ಅಳತೆಯ ಚೆಂಡು, ದೊಡ್ಡವರಿಗೆ 5. ಪ್ರತಿ ಸುತ್ತಿನಲ್ಲೂ ಬಂದ ಸ್ಥಾನಗಳನ್ನು ಕೂಡಿ, ಮೊತ್ತ ಯಾರದು ಕಡಿಮೆಯೋ ಅವರಿಗೆ ಕಪ್.

ನಿಯಮದ ಹಾಳೆಯಲ್ಲಿ ನಾನು "ಬೂಟು ಕಡ್ಡಾಯ" ಎಂದು ಬರೆದಿದ್ದೆ. ಮಾವ ಪೆನ್ನು ಇಸಿದುಕೊಂಡು ಅದನ್ನು ಹೊಡೆದುಹಾಕಿದರು. "ಒಬ್ಬರನ್ನೊಬ್ಬರು ತುಳಿಯೋ ಆಟವಲ್ಲ ಇದು, ಬೂಟು ಯಾಕೆ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಮೇಲೆ ಆಡಿದರು. ನಮ್ಮ ಪರವಾಗಿ ಗೋಲು ಹೊಡೆದವನು ಯಾರು ಗೊತ್ತಾ? ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್!" ಆ ಪಂದ್ಯದಲ್ಲಿ ಭಾರತ ಸೋತದ್ದು 2-1ರಲ್ಲಿ, ಅದೂ ಎರಡು ಪೆನಾಲ್ಟಿ ಕೈಬಿಟ್ಟು. ಅದನ್ನು ಹೇಳುವಾಗ ಮಾವನ ಮುಖ ನೋಡಬೇಕಿತ್ತು, ನಿನ್ನೆ ಸಂಜೆ ಸೋತವರ ಹಾಗಿತ್ತು. ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದುದನ್ನು ಕಂಡು ಅವರಿಗೆ ಹುರುಪು ಬಂತು. ಹಳೆಯ ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದದ್ದು, 1968-69ರ ನಂತರ 54 ವರ್ಷ ಕಾದು 2023ರಲ್ಲಿ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದದ್ದು, ಎಲ್ಲ ಬಂತು. ಕಾಫಿ ಆರಿಹೋಯಿತು.

ಬೂಟಿನ ಮಾತು ಅಳಿಸಿದ್ದರಿಂದಲೇ ರಿಂಗ್ ರಸ್ತೆಯ ಆಚೆಯ ಮಕ್ಕಳೂ ಏಳೆಂಟು ಜನ ಬಂದರು. ಅವರಲ್ಲಿ ಒಬ್ಬಳು ಎಂಟನೇ ಕ್ಲಾಸಿನ ಹುಡುಗಿ. ತಾಯಿ ಮುಖ್ಯರಸ್ತೆಯಲ್ಲಿ ಹೂ ಮಾರುತ್ತಾರೆ. ಶಾಲೆಯ ಚೆಂಡಿನಲ್ಲಿ ಆಡಿ ಕಲಿತವಳಂತೆ. ಬರಿಗಾಲಿನಲ್ಲಿ 43 ಸಲ ಪುಟಿಸಿದಳು. ಮೂವತ್ತು ದಾಟಿದ ಮೇಲೆ ಸುತ್ತ ನಿಂತವರೆಲ್ಲ ಜೋರಾಗಿ ಎಣಿಸತೊಡಗಿದರು. ನಮ್ಮ ಪುಟ್ಟನದು 31.

ಡ್ರಿಬ್ಲಿಂಗ್ ಸುತ್ತಿನ ಸ್ಟಾಪ್‌ವಾಚೂ ಹಾಳೆಯೂ ನನ್ನ ಕೈಯಲ್ಲಿದ್ದವು. ಕೋನ್ ತಾಗಿದಾಗಲೆಲ್ಲ ಹೆಸರಿನ ಮುಂದೆ ಒಂದು ಟಿಕ್ ಹಾಕುವುದು, ಆಮೇಲೆ ಕೂಡುವುದು. ಪುಟ್ಟ ಓಡಿ ಮುಗಿಸುವ ಹೊತ್ತಿಗೆ ಸರಿಯಾಗಿ ಶಾಮಿಯಾನದವನ ಫೋನ್ ಬಂತು, ಬಾಕಿ ಹಣಕ್ಕೆ. ಮಾತಾಡುತ್ತಲೇ ಸಮಯ ಬರೆದುಕೊಂಡೆ, 19.8. ಸಂಜೆ ಎಲ್ಲ ಕೂಡಿದಾಗ ಪುಟ್ಟನಿಗೆ ಡ್ರಿಬ್ಲಿಂಗಿನಲ್ಲಿ ಒಂದನೇ ಸ್ಥಾನ, ಜಗ್ಲಿಂಗಿನಲ್ಲಿ ಎರಡು, ಒದೆತದಲ್ಲಿ ಒಂದು. ಮೊತ್ತ ನಾಲ್ಕು. ಆ ಹುಡುಗಿಯದು ಐದು. ಕಪ್ ಪುಟ್ಟನಿಗೆ. ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಊಟವಾದ ಮೇಲೆ ನನ್ನಾಕೆ ಪ್ರಮಾಣಪತ್ರ ಬರೆಯಲು ಕೂತಳು. ಅವಳ ಅಕ್ಷರ ಚೆಂದ. ಹಾಳೆ ನೋಡುತ್ತಾ, "ಪುಟ್ಟನ ಹೆಸರಿನ ಮುಂದೆ ಈ ಎರಡು ಟಿಕ್ ಏನ್ರೀ?" ಎಂದಳು.

ನಾನು ಎದ್ದು ಹೋಗಿ ನೋಡಿದೆ. ಎರಡು ಟಿಕ್, ನಾಲ್ಕು ಸೆಕೆಂಡು. 19.8 ಆಗಬೇಕಾದದ್ದು 23.8. ಹುಡುಗಿಯದು 21.2, ಅವಳ ಹೆಸರಿನ ಮುಂದೆ ಟಿಕ್ಕೇ ಇಲ್ಲ. ಇನ್ನೊಬ್ಬ ಹುಡುಗನದು 22.5. ಪುಟ್ಟ ಒಂದರಿಂದ ಮೂರಕ್ಕೆ ಇಳಿದ. ಮೊತ್ತ ಆರು. ಹುಡುಗಿಯದು ನಾಲ್ಕು. ಮೂರು ಸಲ ಕೂಡಿದೆ. ಲೆಕ್ಕ ಬದಲಾಗಲಿಲ್ಲ.

ಆ ರಾತ್ರಿ ನನ್ನ ತಲೆಯಲ್ಲಿ ಬಂದದ್ದೆಲ್ಲ ಒಳ್ಳೆಯ ಯೋಚನೆಗಳಲ್ಲ. ಹಾಳೆ ನೋಡಿದವರು ನಾವಿಬ್ಬರೇ. 450 ರೂಪಾಯಿಯ ಕಪ್. ಆ ಹುಡುಗಿಗೆ ಇನ್ನೊಂದು ತಂದುಕೊಟ್ಟು "ವಿಶೇಷ ಬಹುಮಾನ" ಎಂದುಬಿಟ್ಟರೆ? ಹೀಗೆಂದು ಮೆಲ್ಲಗೆ ಹೇಳಿಯೂ ನೋಡಿದೆ. ನನ್ನಾಕೆ ಉತ್ತರ ಕೊಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಬರೆಯದ ಪ್ರಮಾಣಪತ್ರಗಳನ್ನು ಜೋಡಿಸಿಟ್ಟು ಮಲಗಲು ಹೋದಳು.

ಬೆಳಿಗ್ಗೆ ಪುಟ್ಟನನ್ನು ಕೂರಿಸಿಕೊಂಡು ಹಾಳೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಎರಡು ಕೋನ್ ತಾಗಿದ್ದು ನಂಗೆ ಗೊತ್ತಿತ್ತು ಅಪ್ಪ. ನೀನು ಸೇರಿಸಿದ್ದೀಯ ಅಂದ್ಕೊಂಡೆ."

ಆಮೇಲೆ ಅತ್ತ. ಎಲ್ಲರೂ ನಗುತ್ತಾರೆ ಎಂದ, ಅಜ್ಜಿಗೆ ಫೋನ್ ಮಾಡಿ ಹೇಳಾಗಿದೆ ಎಂದ, ತಪ್ಪು ನಿನ್ನದು ನೀನೇ ಹೋಗು ಎಂದ. ಮೂರೂ ನಿಜವೇ. ನಾನು ಕಪ್ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ತೆಗೆದೆ. ಗೇಟಿನ ಹತ್ತಿರ ಬಂದಾಗ ಹಿಂದಿನ ಸೀಟು ಭಾರವಾಯಿತು. ಇಬ್ಬರೂ ಮಾತಾಡಲಿಲ್ಲ.

ಹುಡುಗಿಯ ತಾಯಿ ಸೇವಂತಿಗೆ ಕಟ್ಟುತ್ತಾ ಕೂತಿದ್ದರು. ನಾನು ಹೇಳಿದ್ದನ್ನು ಕೈ ನಿಲ್ಲಿಸದೆ ಕೇಳಿ, "ಇರ್ಲಿ ಬಿಡಿ ಸಾರ್, ನಿಮ್ಮ ಮಗು ಆಸೆಪಟ್ಟು ಗೆದ್ದದ್ದು" ಎಂದರು. ಮಗಳು ಹಿಂದಿನಿಂದ ಎದ್ದು ಬಂದಳು.

"ಅಂಕಲ್, ನಾನು ಆವಾಗ್ಲೇ ಲೆಕ್ಕ ಹಾಕಿದ್ದೆ. ಅವನು ಕೋನ್ ತಾಗಿಸಿದ್ದು ನೋಡಿದ್ದೆ. ಕೇಳ್ತೀನಿ ಅಂದೆ, ಅಮ್ಮ ಬೇಡ ಅಂದ್ರು. ಹಾಳೆ ಇರೋದು ಅವರ ಕೈಲಿ, ಮಗನೂ ಅವರದ್ದೇ ಅಂದ್ರು."

ತಾಯಿ "ಸುಮ್ನಿರೇ" ಎಂದು ಗದರಿದರು. ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಹೂವಿನ ಬುಟ್ಟಿ ನೋಡಿದೆ. ಫೋನಿನಲ್ಲಿ ಮಾತಾಡುತ್ತಾ ಲೆಕ್ಕ ತಪ್ಪಿದೆ ಎಂದೆ. ನಿಜ ಹೇಳುತ್ತಿದ್ದರೂ ನೆಪ ಹೇಳಿದಂತೆಯೇ ಕೇಳಿಸಿತು.

ಕಪ್ ಕೊಟ್ಟದ್ದು ಪುಟ್ಟ. ಕೊಟ್ಟು ಒಂದು ಗಳಿಗೆ ಸುಮ್ಮನೆ ನಿಂತು, "43 ಹೆಂಗೆ ಹೊಡ್ದೆ?" ಎಂದು ಕೇಳಿದ.

"ಬೂಟು ಬಿಚ್ಚು" ಎಂದಳು.

ಅಂಗಡಿಯ ಹಿಂದಿನ ಓಣಿಯಲ್ಲಿ ಹಳೆಯ ಚೆಂಡೊಂದು ಹೊರಬಂತು. ನಾನು ಅರ್ಧ ಗಂಟೆ ಹೂವಿನ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ಒಮ್ಮೆ ಚೆಂಡು ಬಂದು ಮಲ್ಲಿಗೆಯ ಬುಟ್ಟಿಗೆ ಬಿದ್ದಾಗ ತಾಯಿಯ ಕೈಯಲ್ಲಿ ಮಕ್ಕಳಿಬ್ಬರಿಗೂ ಸರಿಯಾಗಿ ಬೈಗುಳ ಆಯಿತು. ಕಪ್ ಗಣಪತಿಯ ಫೋಟೋ ಪಕ್ಕದಲ್ಲಿ, ಚಿಲ್ಲರೆ ಡಬ್ಬಿಯ ಮೇಲೆ ಕೂತಿತ್ತು.

ಸಂಜೆ ಬಡಾವಣೆಯ ಎಲ್ಲರಿಗೂ ವಿಷಯ ತಿಳಿಸಿದೆ. ಒಂದಿಬ್ಬರು ನಕ್ಕರು, ಪುಟ್ಟ ಹೇಳಿದ್ದ ಹಾಗೇ. ಮಾವನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: "ಮುಂದಿನ ವರ್ಷ ವಾಚು ಯಾರ ಕೈಗೆ ಕೊಡ್ತೀಯ?"

ಈ ಸಲದ ಹಾಳೆಗೆ ಒಂದು ನಿಯಮ ಸೇರಿದೆ: ಯಾರ ಮಗು ಆಡುತ್ತಿದೆಯೋ ಅವರು ವಾಚು ಇನ್ನೊಬ್ಬರಿಗೆ ಕೊಟ್ಟು ಪಕ್ಕಕ್ಕೆ ನಿಲ್ಲಬೇಕು. ಸಮಯವನ್ನೂ ಟಿಕ್ಕನ್ನೂ ಅಲ್ಲೇ ಜೋರಾಗಿ ಓದಿ ಹೇಳಬೇಕು. ಬೋರ್ಡಿನ ಮೇಲೆ ಬರೆಯುವ ಕೆಲಸ ಹೂವಿನಂಗಡಿಯ ಹುಡುಗಿಗೆ, ಅವಳ ಸರದಿ ಬರುವವರೆಗೆ. ಪುಟ್ಟನದು ಈಗ 37ರವರೆಗೆ ಬಂದಿದೆ, ಬರಿಗಾಲಿನಲ್ಲಿ.