ನರಿಯ ಬಾಯಲ್ಲಿ ಗೋಡೌನ್ ಕೀಲಿ

ಜಪಾನಿಗೆ ಹೋದವರೆಲ್ಲ ಹಾಕುವ ಒಂದು ಫೋಟೊ ಇದೆ. ಕೇಸರಿ-ಕೆಂಪು ಕಂಬಗಳ ಸುರಂಗ, ನಡುವೆ ಬೆನ್ನು ತೋರಿಸಿ ನಡೆಯುತ್ತಿರುವ ಒಬ್ಬರು. ನನಗೂ ಆ ಫೋಟೊ ಬೇಕಿತ್ತು, ಸುಳ್ಳು ಯಾಕೆ ಹೇಳಲಿ?

2025ರ ಮೇ ತಿಂಗಳು. ಆಫೀಸ್ ಕೆಲಸಕ್ಕೆ ಎರಡು ವಾರ ಒಸಾಕಾದಲ್ಲಿದ್ದೆ. ಪೂರ್ತಿ ಬಿಡುವು ಸಿಕ್ಕಿದ್ದು ಒಂದೇ ಭಾನುವಾರ. ರೈಲಿನಲ್ಲಿ ಕ್ಯೋಟೊಗೆ ಅರ್ಧ ಗಂಟೆ, ಅಲ್ಲಿಂದ ನಾರಾ ಲೈನಿನಲ್ಲಿ ಎರಡನೇ ಸ್ಟಾಪೇ ಇನಾರಿ. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಫುಶಿಮಿ ಇನಾರಿ ದೇವಸ್ಥಾನದ ಹೆಬ್ಬಾಗಿಲು. ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತು ಅಂತಲೂ ಇಲ್ಲ. ಎಂಟು ಗಂಟೆಯೊಳಗೆ ಹೋಗಿಬಿಡಿ, ಆಮೇಲೆ ಫೋಟೊದಲ್ಲಿ ನಿಮ್ಮ ಜೊತೆ ಇನ್ನೂ ಇನ್ನೂರು ಜನ ಇರ್ತಾರೆ.

ಈ ಕ್ಷೇತ್ರ ಕ್ರಿ.ಶ. 711ರಷ್ಟು ಹಳೆಯದು ಅಂತ ನಂಬಿಕೆ. ಇನಾರಿ ಅಂದರೆ ಭತ್ತದ ದೇವರು. ಕಾಲ ಕಳೆದ ಹಾಗೆ ವ್ಯಾಪಾರದ ದೇವರೂ ಆಯಿತು. ಎಲ್ಲೆಲ್ಲೂ ಕಾಣುವ ನರಿ ಮಾತ್ರ ದೇವರಲ್ಲ, ದೇವರ ದೂತ. ತೊಟ್ಟಿಯ ನೀರಿನಲ್ಲಿ ಎಡಗೈ, ಬಲಗೈ, ಬಾಯಿ ತೊಳೆದುಕೊಂಡು, ಕಾಸು ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಪಕ್ಕದ ಅಜ್ಜಿಯನ್ನು ನೋಡಿ ಕಾಪಿ ಹೊಡೆದೆ.

ಭತ್ತದ ದೇವರು ಅಂದಾಗಲೇ ಅಪ್ಪ ನೆನಪಾದದ್ದು. ನಮ್ಮದು ಗಂಗಾವತಿ. ತುಂಗಭದ್ರಾ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ದೂರ ಭತ್ತ, ಹಾದಿಗೊಂದು ರೈಸ್ ಮಿಲ್. ಅಪ್ಪ 31 ವರ್ಷ ಅಕ್ಕಿ ಅಂಗಡಿ ನಡೆಸಿದರು. ಹಿಂದಿನ ದೀಪಾವಳಿಗೆ ಮುಚ್ಚಿದರು. ಮುಚ್ಚಿಸಿದ್ದು ನಾನೇ ಅನ್ನಬೇಕು. ಮೂರು ವರ್ಷದ ಲೆಕ್ಕವನ್ನು ಎಕ್ಸೆಲ್ಲಿಗೆ ಹಾಕಿ, ನಷ್ಟದ ಗೆರೆ ಕೆಂಪು ಮಾಡಿ, ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದ್ದೆ. ಅವರು ವಾದ ಮಾಡಲಿಲ್ಲ. ಅಲ್ಲಿಂದೀಚೆಗೆ ಫೋನಿನಲ್ಲಿ ‘ಊಟ ಆತೇನು’ ಬಿಟ್ಟರೆ ಮಾತಿಲ್ಲ.

ಆ ಕೆಂಪು ಕಮಾನುಗಳಿಗೆ ತೊರಿಯಿ ಅನ್ನುತ್ತಾರೆ. ಬೆಟ್ಟದ ಮೇಲೆ ಸುಮಾರು 10 ಸಾವಿರ ಇವೆಯಂತೆ. ಹತ್ತುವಾಗ ಬರೀ ಕೆಂಪು. ಒಮ್ಮೆ ಹಿಂದೆ ತಿರುಗಿ ನೋಡಿದರೆ ಪ್ರತಿ ಕಂಬದ ಬೆನ್ನಿಗೂ ಕಪ್ಪು ಅಕ್ಷರ. ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿಸಿದೆ. ಕೊಟ್ಟವರ ಹೆಸರು, ಕೊಟ್ಟ ದಿನ. ಹೆಚ್ಚಿನವು ಕಂಪನಿ, ಅಂಗಡಿ, ವರ್ತಕರ ಹೆಸರು. ವ್ಯಾಪಾರ ಚೆನ್ನಾಗಿ ಆಗಲಿ ಅಂತಲೋ, ಆಯ್ತು ಅಂತಲೋ ಕೊಟ್ಟದ್ದು. ನಮ್ಮಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸ್ತಾರಲ್ಲ, ಹಾಗೆ. ಆದರೆ ಇದು ಮರ. ಮಳೆಗೆ ಬುಡ ಕೊಳೆಯುತ್ತದೆ, ಹಳೆಯದನ್ನು ತೆಗೆದು ಹೊಸದು ನಿಲ್ಲಿಸುತ್ತಾರೆ. ಒಂದು ಕಡೆ ಎರಡು ಕಂಬದ ಬುಡ ಮಾತ್ರ ಉಳಿದಿತ್ತು. ಆ ಅಂಗಡಿ ಇದೆಯೋ ಇಲ್ಲವೋ.

ತೊರಿಯಿ ಸಾಲು ದಾಟಿದ ಮೇಲೆ ಒಂದು ಚಿಕ್ಕ ಗುಡಿ, ಅಲ್ಲಿ ದೀಪಸ್ತಂಭದ ಮೇಲೆ ದುಂಡು ಕಲ್ಲು. ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಎತ್ತಬೇಕು. ಅಂದುಕೊಂಡದ್ದಕ್ಕಿಂತ ಹಗುರ ಅನಿಸಿದರೆ ಆಗುತ್ತದೆ, ಭಾರ ಅನಿಸಿದರೆ ಕಷ್ಟ. ಅಪ್ಪ ಮೊದಲಿನ ಹಾಗೆ ಮಾತಾಡಲಿ ಅಂತ ಬೇಡಿಕೊಂಡು ಎತ್ತಿದೆ. ಭಾರವೇ ಇತ್ತು. ಹಿಂದೆ ಕ್ಯೂ ಇದ್ದದ್ದರಿಂದ ಎರಡನೇ ಚಾನ್ಸ್ ಸಿಗಲಿಲ್ಲ.

ಬೆಟ್ಟ 233 ಮೀಟರ್ ಅಷ್ಟೇ, ಆದರೆ ಮೆಟ್ಟಿಲು ಮೊಣಕಾಲಿಗೆ ಬುದ್ಧಿ ಕಲಿಸುತ್ತವೆ. ಅರ್ಧ ದಾರಿಯ ಯೊತ್ಸುತ್ಸುಜಿಯಲ್ಲಿ ಕ್ಯೋಟೊ ಊರು ಕಾಣುತ್ತದೆ. ಒಂಬತ್ತು ಗಂಟೆ. ಊರಲ್ಲಿ ಬೆಳಗಿನ ಐದೂವರೆ. ಲಾರಿ ಲೋಡ್ ಇಳಿಸಿಕೊಳ್ಳುವ ಕಾಲದ ಅಭ್ಯಾಸ, ಅಪ್ಪ ಎದ್ದೇ ಇರ್ತಾರೆ. ವಿಡಿಯೊ ಕಾಲ್ ಮಾಡಿ ನರಿಯ ವಿಗ್ರಹ ತೋರಿಸಿದೆ.

“ಅದರ ಬಾಯಾಗ ಏನೈತಿ?”

“ಕೀಲಿ ಅಪ್ಪಾ. ಅಕ್ಕಿ ಗೋಡೌನಿಂದು.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕೀಲಿ ನರಿ ಕೈಯಾಗ ಕೊಟ್ಟು ದೇವರು ಎಲ್ಲಿ ಹೋಗ್ಯಾನ?” ಅಂದರು. ನಗು ಬಂತು, ಇಬ್ಬರಿಗೂ. ಆಮೇಲೆ, “ನಮ್ಮದು ಬಾಡಿಗೀದು ಆಗಿತ್ತು. ಕೀಲಿ ವಾಪಸ್ ಕೊಟ್ಟೀವಿ” ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕ್ಯಾಮೆರಾ ಊರಿನ ಕಡೆ ತಿರುಗಿಸಿದೆ.

ಕೆಳಗಿಳಿದು, ಕೇಹಾನ್ ರೈಲು ಹಿಡಿದು ಶಿಚಿಜೊದಲ್ಲಿ ಇಳಿದರೆ ಸಂಜೂಸಂಗೆಂದೊ ನಡೆದು ಹೋಗುವಷ್ಟು ಹತ್ತಿರ. ಒಂದೇ ದಿನ ಇರೋರಿಗೆ ನಾನು ಹೇಳೋದು, ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ. 1164ರಲ್ಲಿ ಕಟ್ಟಿದ್ದು ಸುಟ್ಟುಹೋಗಿ, ಈಗಿರುವುದು 1266ರದ್ದು. ಒಳಗೆ ಸಾವಿರದ ಒಂದು ಸಹಸ್ರಭುಜ ಅವಲೋಕಿತೇಶ್ವರ. ಮುಂದಿನ ಸಾಲಿನಲ್ಲಿ 28 ಕಾವಲು ದೇವತೆಗಳು, ಅವರಲ್ಲಿ ನಮ್ಮ ಬ್ರಹ್ಮ, ಇಂದ್ರ. ಕೊಕ್ಕು, ರೆಕ್ಕೆ ಇರುವ ಒಬ್ಬ ಕೊಳಲು ಊದುತ್ತಿದ್ದ. ನೋಡಿದರೆ ಗರುಡ! ವಿಷ್ಣುವಿನ ವಾಹನ ಇಷ್ಟು ದೂರ ಬಂದು ಕೃಷ್ಣನ ಕೆಲಸ ಹಿಡಿದಿದೆ.

ಇಲ್ಲಿ ಫೋಟೊ ನಿಷೇಧ. ಒಳ್ಳೆಯದೇ ಆಯ್ತು, ಫೋನು ಜೇಬಿನಲ್ಲಿಟ್ಟು ಒಂದು ಗಂಟೆ ನೋಡಿದೆ. ಸಾವಿರ ಮುಖಗಳಲ್ಲಿ ನೀವು ನೋಡಬೇಕೆಂದಿರುವವರ ಮುಖ ಒಂದಿರುತ್ತದೆ ಅನ್ನೋ ಮಾತಿದೆ. ನನಗೆ ಸಿಕ್ಕಿದ್ದು ನಮ್ಮ ಪಿಯು ಗಣಿತದ ಮೇಷ್ಟ್ರು.

ಮಧ್ಯಾಹ್ನದ ಕಿಯೊಮಿಜು ದೇವಸ್ಥಾನದ ಬಗ್ಗೆ ಹೆಚ್ಚು ಹೇಳಲಾರೆ. 13 ಮೀಟರ್ ಎತ್ತರದ ಮರದ ಜಗಲಿ ಚೆಂದವೇ, ಆದರೆ ನೋಡಿದ್ದೆಲ್ಲ ಜನರ ತಲೆ.

ರಾತ್ರಿ ಹೋಟೆಲ್ ಪಕ್ಕದ ಅಂಗಡಿಯಲ್ಲಿ ಅಕ್ಕಿ ಚೀಲದ ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಆ ತಿಂಗಳು ಜಪಾನಿನಲ್ಲಿ ಅಕ್ಕಿ ಬೆಲೆ ದೊಡ್ಡ ಸುದ್ದಿ, 5 ಕೆ.ಜಿ.ಗೆ 4 ಸಾವಿರ ಯೆನ್ ದಾಟಿತ್ತು. ಎರಡೇ ನಿಮಿಷಕ್ಕೆ ಅವರದೇ ಫೋನು.

“ಕೆ.ಜಿ.ಗೆ ಐನೂರರ ಹತ್ರ ಬೀಳ್ತೈತಲ್ಲೋ! ಎಂಥ ಕಾಳು? ಚೀಲ ಅಲ್ಲ, ಕಾಳು ತೋರಿಸು.”

ಇದ್ದದ್ದರಲ್ಲೇ ಸಣ್ಣ ಪ್ಯಾಕೆಟ್ ಕೊಂಡು ರೂಮಿಗೆ ಬಂದೆ. ಮೇಜಿನ ದೀಪದ ಕೆಳಗೆ ಅಂಗೈ ಮೇಲೆ ಒಂದು ಮುಷ್ಟಿ ಹರಡಿ ವಿಡಿಯೊ ಕಾಲ್ ಮಾಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಂದರು. ಹತ್ತಿರ ಹಿಡಿ ಅಂದರು, ಹೊರಳಿಸು ಅಂದರು, ಒಂದು ಕಾಳು ಕಚ್ಚಿಸಿದರು.

“ಗಿಡ್ಡ ಕಾಳು. ನುಚ್ಚು ಇಲ್ಲ, ಮಿಲ್ ಚಲೋ ಐತಿ. ಪಾಲಿಶ್ ಮಾತ್ರ ಸ್ವಲ್ಪ ಜಾಸ್ತಿ ಹೊಡದಾರ.”